ಎಣ್ಣೆ ಬಿಡೋದು ಸುಲಭ, ಮಂಡ್ಯದಲ್ಲಿ ಸಕ್ಕರೆ ಬಿಡೋದು ಕಷ್ಟ

ಕುಡಿಯೋದು ಬಿಟ್ಟಿದ್ದೇನೆ ಅಂತ ಹೇಳಿದಾಗ ನಮ್ಮಪ್ಪ ಏನೂ ಮಾತಾಡಲಿಲ್ಲ. ಒಂದು ಸಲ ತಲೆ ಆಡಿಸಿದರು, ಅಷ್ಟೇ. ಟೀಗೆ ಸಕ್ಕರೆ ಬೇಡ ಅಂದಾಗ ಮಾತ್ರ ಬಾಯಿ ಬಿಟ್ಟರು. "ನೀನೂ ಬ್ಯಾಡ, ಅವ್ನೂ ಬ್ಯಾಡ ಅಂದ್ರೆ ನಾವು ಬೆಳ್ದಿರೋ ಕಬ್ನ ಯಾರ್ಲಾ ತಿಂತಾರೆ?"

ಅವರು ತಮಾಷೆಗೆ ಕೇಳಿದ್ದಲ್ಲ. ನಮ್ಮದು ಮಂಡ್ಯದ ಪಕ್ಕದ ಹಳ್ಳಿ, ನಾಲೆ ನೀರಿನ ಜಮೀನು. ಕನ್ನಂಬಾಡಿ ಕಟ್ಟೆ ಆಗಿ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ ನಮ್ಮ ಕಡೆ ಕಬ್ಬು ಬಂತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಮೈಷುಗರ್ ಶುರುವಾಯಿತು. ನನ್ನ ಡಿಪ್ಲೊಮಾ ಫೀಸು, ಅಕ್ಕನ ಮದುವೆ, ಮನೆಯ ತಾರಸಿ, ಎಲ್ಲ ಕಬ್ಬಿನ ದುಡ್ಡಲ್ಲೇ ಆಗಿದ್ದು. ಈಗ ನಾನು ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಸೂಪರ್‌ವೈಸರ್. ವಯಸ್ಸು 46. ಆದರೂ ಊರಿಗೆ ಹೋದರೆ ಕಬ್ಬಿನ ಮನೆಯ ಹುಡುಗನೇ.

ಇನ್ನೊಂದು ವಿಷಯ ಅಪ್ಪನಿಗೆ ಹೇಳಲಿಲ್ಲ. ಎಣ್ಣೆಯೂ ನಮ್ಮ ಕಬ್ಬಿನದೇ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿ ಬರಿಸಿ, ಭಟ್ಟಿ ಇಳಿಸಿದರೆ ಸ್ಪಿರಿಟ್. ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುವ ವಿಸ್ಕಿ, ರಮ್, ಬ್ರಾಂಡಿಯಲ್ಲಿ ಬಹಳಷ್ಟು ಈ ಸ್ಪಿರಿಟ್‌ಗೆ ಬಣ್ಣ, ವಾಸನೆ ಸೇರಿಸಿ ಮಾಡಿದ್ದು. ಮಂಡ್ಯದ ಸಕ್ಕರೆ ಕಾರ್ಖಾನೆಗೂ ಒಂದು ಕಾಲದಲ್ಲಿ ಡಿಸ್ಟಿಲರಿ ಇತ್ತು. ಅಂದರೆ ಸಕ್ಕರೆ ಒಂದು ಗೇಟಿನಿಂದ, ಎಣ್ಣೆ ಇನ್ನೊಂದು ಗೇಟಿನಿಂದ ಹೊರಟು ಕೊನೆಗೆ ಎರಡೂ ನನ್ನ ಹೊಟ್ಟೆಯಲ್ಲಿ ಸೇರಿದವು.

ಸೇರಿದ್ದು ಗೊತ್ತಾಗಿದ್ದು ಕಂಪನಿಯ ವಾರ್ಷಿಕ ಚೆಕಪ್‌ನಲ್ಲಿ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್, ಅಂದರೆ ಲಿವರಿನಲ್ಲಿ ಕೊಬ್ಬು ತುಂಬಿದೆ. ರಕ್ತದಲ್ಲಿರುವ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, 312. ಅದು 150ರ ಒಳಗೆ ಇರಬೇಕು. ಎಚ್‌ಬಿಎ1ಸಿ 6.1. ಇದು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ. 5.7ರಿಂದ 6.4ರ ತನಕ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಒಳಗೆ. ನಮ್ಮ ಶಾಪ್‌ನಲ್ಲಿ ನಲವತ್ತು ದಾಟಿದವರು ರಿಪೋರ್ಟ್ ಹಿಡಿದು ಕೂತರೆ ಒಬ್ಬರದು ಇನ್ನೊಬ್ಬರದರ ಜೆರಾಕ್ಸ್ ಥರ ಇರುತ್ತದೆ. 2023ರಲ್ಲಿ ಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ, ಹೊಸ್ತಿಲಲ್ಲಿ ನಿಂತವರು ಸುಮಾರು 13.6 ಕೋಟಿ. ನಾವು ಆ 13.6ರ ಕಡೆಯವರು.

ಡಾಕ್ಟರ್ ಮೇಡಂ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಬೈಯಲಿಲ್ಲ. "ಎಷ್ಟು ತಗೋತೀರಾ?" ಅಂದರು. "ವಾರದಲ್ಲಿ ಮೂರ್ನಾಲ್ಕು ದಿನ ಕ್ವಾರ್ಟರ್, ಭಾನುವಾರ ಬಿಯರ್" ಅಂದೆ. ಪೆನ್ನು ತೆಗೆದುಕೊಂಡು ರಿಪೋರ್ಟಿನ ಹಿಂದೆಯೇ ಲೆಕ್ಕ ಹಾಕಿದರು. ಬಾಟಲಿ ಮೇಲೆ 42.8 ಪರ್ಸೆಂಟ್ ಅಂತ ಇರುತ್ತಲ್ವಾ, ಆ ಲೆಕ್ಕದಲ್ಲಿ 180 ಎಂಎಲ್‌ನಲ್ಲಿ 60 ಗ್ರಾಂ ಶುದ್ಧ ಆಲ್ಕೋಹಾಲ್. ಗ್ರಾಂಗೆ 7 ಕ್ಯಾಲರಿ. ಕ್ವಾರ್ಟರ್ ಒಂದಕ್ಕೇ 420ರ ಮೇಲೆ. ಜೊತೆಗೆ ಕಡ್ಲೆಬೀಜ, ಚಿಲ್ಲಿ ಚಿಕನ್, ಆಮೇಲೆ ಮನೆಗೆ ಹೋಗಿ ಹೆಂಡತಿ ಬೇಜಾರಾಗಬಾರದು ಅಂತ ಇನ್ನೊಂದು ಊಟ.

ಅವರು ವಿವರಿಸಿದ್ದು ನನಗೆ ಚೆನ್ನಾಗಿ ತಲೆಗೆ ಹೋಯಿತು. ಆಲ್ಕೋಹಾಲ್‌ನ ಎತ್ತಿಟ್ಟುಕೊಳ್ಳಲು ಮೈಯಲ್ಲಿ ಜಾಗ ಇಲ್ಲ. ಅದಕ್ಕೇ ಅದು ಒಳಗೆ ಬಂದ ಕೂಡಲೇ ಲಿವರ್ ಬೇರೆ ಕೆಲಸ ಪಕ್ಕಕ್ಕಿಟ್ಟು ಅದನ್ನು ಕರಗಿಸಲು ಹೋಗುತ್ತದೆ. ಕೊಬ್ಬು ಉರಿಸುವ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಇಡೀ ಮೈ ಬಳಸುತ್ತದೆ, ಫ್ರಕ್ಟೋಸ್ ಬಹುಪಾಲು ಲಿವರಿನ ಪಾಲು. ಜಾಸ್ತಿಯಾದರೆ ಅದನ್ನು ಕೊಬ್ಬು ಮಾಡಿಡುತ್ತದೆ. ಎಣ್ಣೆಯೂ ಅಲ್ಲಿಗೇ, ಸಕ್ಕರೆಯೂ ಅಲ್ಲಿಗೇ. "ನಿಮಗೆ ಔಷಧಿ ಬರೆಯೋದಕ್ಕಿಂತ ಮೊದಲು ಇವೆರಡನ್ನ ನೋಡೋಣ" ಅಂದರು.

"ಸ್ವಲ್ಪ ಕುಡಿದರೆ ಹಾರ್ಟಿಗೆ ಒಳ್ಳೇದಂತಲ್ಲ ಮೇಡಂ?" ಅಂತ ಕೇಳಿದೆ. ಎಲ್ಲರೂ ಕೇಳ್ತಾರಂತೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲೇ ಹೇಳಿದೆ, ಇಷ್ಟು ಕುಡಿದರೆ ಅಪಾಯ ಇಲ್ಲ ಅನ್ನೋ ಅಳತೆ ಇಲ್ಲ ಅಂತ. ಕ್ಯಾನ್ಸರ್ ತರುವುದು ಖಚಿತ ಅನ್ನುವ ವಸ್ತುಗಳ ಪಟ್ಟಿಗೆ ಮದ್ಯ ಸೇರಿದ್ದು 1988ರಲ್ಲಿ. ನಾನಿನ್ನೂ ಸ್ಕೂಲಲ್ಲಿದ್ದೆ.

ಇನ್ನೊಂದು ಪ್ರಶ್ನೆ ಕೇಳಿದರು, ಇದನ್ನು ಓದುವವರಿಗೂ ಬೇಕಾಗಬಹುದು. "ಕುಡಿಯದಿದ್ದ ದಿನ ಬೆಳಿಗ್ಗೆ ಕೈ ನಡುಗುತ್ತಾ? ಬೆವರುತ್ತಾ?" ಇಲ್ಲ ಅಂದೆ. ಹಾಗಿದ್ದರೆ ಒಂದೇ ಸಲ ಬಿಡಬಹುದು ಅಂದರು. ನಡುಗುತ್ತೆ ಅನ್ನುವವರು ಮಾತ್ರ ಮನೆಯಲ್ಲೇ ಹಠ ಮಾಡಿ ನಿಲ್ಲಿಸಬಾರದು. ದಿನಾ ಬೆಳಿಗ್ಗೆಯಿಂದ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೂ ಅಪಾಯ. ನಮ್ಮೂರಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ. 2020ರ ಲಾಕ್‌ಡೌನ್‌ನಲ್ಲಿ ಮಾರ್ಚ್ ಕೊನೆಯಿಂದ ಮೇ 4ರ ತನಕ ವೈನ್ಸ್ ಅಂಗಡಿ ಬಾಗಿಲು ಹಾಕಿದ್ದವಲ್ಲ, ಆಗ ನಮ್ಮ ಬೀದಿಯ ಒಬ್ಬರು ಜಗುಲಿ ಮೇಲೇ ಫಿಟ್ಸ್ ಬಂದು ಬಿದ್ದರು. ಜನ "ದೆವ್ವ ಹಿಡೀತು" ಅಂದರು. ಆಸ್ಪತ್ರೆಯಲ್ಲಿ ಮಾತ್ರೆ, ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟ ಮೇಲೆ ಸರಿಹೋದರು. ಅಂಥವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬೇರೆ ವಿಭಾಗವೇ ಇದೆ. ದೂರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ ಫೋನ್ ಮಾಡಬಹುದು, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಕಡೆ ಹಳ್ಳಿಗಳಲ್ಲಿ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಆಗುತ್ತದೆ. ಅಲ್ಲಿಗೆ ಹೋಗಿ ಬಂದು ಇವತ್ತಿಗೂ ಮುಟ್ಟದವರು ನಮ್ಮೂರಲ್ಲಿ ಇದ್ದಾರೆ. ಹೋಗಿ ಬಂದ ಸಂಜೆಯೇ ಮುಟ್ಟಿದವರೂ ಇದ್ದಾರೆ.

ನಾನು ಬಿಟ್ಟ ಕಥೆ ಹೇಳೋಕೆ ಅಂಥದ್ದೇನಿಲ್ಲ. ಆಷಾಢ ಇತ್ತು, ಮದುವೆ ಮುಂಜಿ ಇರಲಿಲ್ಲ, ಯಾರೂ ಕರೆಯಲಿಲ್ಲ. ಶನಿವಾರ ಪೇಮೆಂಟ್ ಆದ ಮೇಲೆ ಗೆಳೆಯರು ಬಾರ್ ಕಡೆ ತಿರುಗಿದರೆ ನಾನು ಮೆಟ್ರೋ ಕಡೆ ತಿರುಗಿದೆ. ಮೊದಲ ವಾರ ನಿದ್ದೆ ಕೆಟ್ಟಿತು. ಕುಡಿದಾಗ ಬೇಗ ನಿದ್ದೆ ಬರುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧ ಒಡೆದು ಹೋಗುತ್ತದೆ. ಅದನ್ನೇ ನಾನು ಇಷ್ಟು ವರ್ಷ ನಿದ್ದೆ ಅಂದುಕೊಂಡಿದ್ದೆ. ಆಮೇಲೆ ಸರಿಯಾದ ನಿದ್ದೆ ಬಂತು. ಗೊರಕೆ ಕಡಿಮೆಯಾಗಿದೆ ಅಂತ ಹೆಂಡತಿ ಹೇಳಿದಳು. ಭಾನುವಾರಕ್ಕೆ ಬೆಳಿಗ್ಗೆ ಅಂತ ಒಂದು ಇರುತ್ತದೆ ಅನ್ನೋದು ಗೊತ್ತಾಯಿತು.

ಗೆಳೆಯರ ಕಾಟವೂ ಹೆಚ್ಚು ದಿನ ಇರಲಿಲ್ಲ. "ಏನ್ ಮಗಾ, ಸ್ವಾಮಿ ಆಗ್ಬುಟ್ಟಾ?" ಅಂತ ಒಂದಷ್ಟು ಆಯಿತು. "ಲಿವರ್ ಕಣೋ" ಅಂದರೆ ಸುಮ್ಮನಾಗುತ್ತಿದ್ದರು. ಲಿವರ್ ಅನ್ನೋ ಪದಕ್ಕೆ ಕುಡಿಯುವವರ ಗುಂಪಿನಲ್ಲಿ ಇರುವ ಮರ್ಯಾದೆ ದೇವಸ್ಥಾನದಲ್ಲೂ ಇಲ್ಲ. ಎಲ್ಲರಿಗೂ ಒಳಗೊಳಗೇ ಅದರ ಭಯ. ಒಬ್ಬ ಮಾರನೇ ದಿನ ಮೆಲ್ಲಗೆ ಬಂದು "ಆ ಸ್ಕ್ಯಾನಿಂಗ್ ಎಲ್ಲಿ ಮಾಡಿಸ್ದೆ?" ಅಂತ ಕೇಳಿದ.

ಸಕ್ಕರೆಯ ಆಟ ಶುರುವಾಗಿದ್ದು ಇಲ್ಲಿಂದ. ಡಾಕ್ಟರ್ ಮೊದಲೇ ಹೇಳಿದ್ದರು, ಕುಡಿತ ಬಿಟ್ಟವರಿಗೆ ಸಿಹಿ ಮೇಲೆ ಆಸೆ ಜಾಸ್ತಿಯಾಗುತ್ತೆ, ಮಿದುಳಿನಲ್ಲಿ ಖುಷಿ ಕೊಡುವ ದಾರಿಯನ್ನು ಎರಡೂ ಹಿಡಿಯುತ್ತವೆ ಅಂತ. ಸಂಜೆ ಏಳು ಗಂಟೆ ಆಯಿತೆಂದರೆ ನಾಲಿಗೆ ಏನೋ ಕೇಳುತ್ತಿತ್ತು. ನಮ್ಮ ಮನೆ ದಾರಿಯಲ್ಲಿ ಅಯ್ಯಂಗಾರ್ ಬೇಕರಿ ಇದೆ. ಬೆಂಗಳೂರಿನವರಿಗೆ ಹನಿ ಕೇಕ್ ಬಗ್ಗೆ ನಾನು ಹೇಳಬೇಕಾಗಿಲ್ಲ. ಸಕ್ಕರೆ ಪಾಕದಲ್ಲಿ ನೆನೆದ ಕೇಕು, ಅದರ ಮೇಲೆ ಜಾಮ್, ಜಾಮ್ ಮೇಲೆ ಕೊಬ್ಬರಿ ತುರಿ. ಒಂದು ತಿಂದು, ಮಕ್ಕಳಿಗೆ ಅಂತ ದಿಲ್ ಪಸಂದ್ ಕಟ್ಟಿಸಿಕೊಂಡು, ಅದರಲ್ಲೂ ಪಾಲು ತೆಗೆದುಕೊಳ್ಳುತ್ತಿದ್ದೆ. ಪಾರ್ಟಿಗೆ ಹೋದರೆ ಕೈಯಲ್ಲಿ ಗ್ಲಾಸ್ ಇರಬೇಕಲ್ಲ, ಕೂಲ್ ಡ್ರಿಂಕ್ಸ್. ಅದರಲ್ಲಿ ನೂರು ಎಂಎಲ್‌ಗೆ ಹತ್ತು ಗ್ರಾಂ ಆಸುಪಾಸು ಸಕ್ಕರೆ. ಎರಡು ಮೂರು ಗ್ಲಾಸ್ ಆದರೆ ಅರವತ್ತು ಗ್ರಾಂ, ಅಂದರೆ ಹದಿನೈದು ಚಮಚ. ಕ್ವಾರ್ಟರಿನ ಕ್ಯಾಲರಿ ಬೇರೆ ವೇಷದಲ್ಲಿ ವಾಪಸ್ ಬಂದಿತ್ತು. ತೂಕ ಒಂದು ಕೆಜಿಯೂ ಇಳಿಯಲಿಲ್ಲ.

ಮನೆಯಲ್ಲಿ ಲೆಕ್ಕ ತೆಗೆದಿದ್ದು ಹೆಂಡತಿ. ತಿಂಗಳ ರೇಷನ್ ಚೀಟಿ ಬರೆಯುವವಳು ಅವಳೇ. ನಾಲ್ಕು ಜನಕ್ಕೆ ತಿಂಗಳಿಗೆ ಐದು ಕೆಜಿ ಸಕ್ಕರೆ. ಭಾಗಿಸಿ ನೋಡಿದರೆ ತಲೆಗೆ ದಿನಕ್ಕೆ 40 ಗ್ರಾಂ ದಾಟುತ್ತದೆ. ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ ಹೊರಗಿನಿಂದ ಸೇರಿಸುವ ಸಕ್ಕರೆ 50 ಗ್ರಾಂ ದಾಟಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೇದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ನಮ್ಮ 40 ಬರೀ ಡಬ್ಬದ ಸಕ್ಕರೆ. ಬಿಸ್ಕತ್ತು, ಬ್ರೆಡ್ಡು, ಸಾಸು, ಮಕ್ಕಳ ಹಾಲಿಗೆ ಹಾಕುವ ಪುಡಿ, ಕಾರ್ಖಾನೆಯ ಟೀ, ಬೇಕರಿ, ಇವು ಯಾವುದೂ ಅದರಲ್ಲಿ ಸೇರಿಲ್ಲ. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ 'ಆಡೆಡ್ ಶುಗರ್ಸ್' ಅಂತ ಒಂದು ಸಾಲು ಇರುತ್ತದೆ, ನೋಡಿ. ಅದನ್ನು ಓದೋಕೆ ನನಗೆ ಕನ್ನಡಕ ಬೇಕಾಯಿತು, ಅದು ಬೇರೆ ಮಾತು.

ಕಷ್ಟ ಎಲ್ಲಿ ಗೊತ್ತಾ? ಎಣ್ಣೆಗೆ ಒಂದು ಜಾಗ ಇದೆ, ಒಂದು ಹೊತ್ತು ಇದೆ, ಸ್ವಲ್ಪ ನಾಚಿಕೆಯೂ ಇದೆ. ಅಮ್ಮ ಯಾವತ್ತೂ "ಬಾ ಮಗ, ಒಂದು ಪೆಗ್ ಹಾಕ್ಕೊಡ್ತೀನಿ" ಅನ್ನಲ್ಲ. ಸಕ್ಕರೆ ಹಾಗಲ್ಲ. ಅದು ಪ್ರೀತಿಯಲ್ಲೇ ಬರುತ್ತದೆ. ಊರಲ್ಲಿ ಯಾರ ಮನೆಗೆ ಹೋದರೂ ಮೊದಲು ಟೀ. ಬಂದವರಿಗೆ ಸಕ್ಕರೆ ಕಡಿಮೆ ಹಾಕಿದರೆ ಜಿಪುಣರು ಅಂದುಕೊಳ್ಳುತ್ತಾರೆ ಅನ್ನುವ ಭಯಕ್ಕೆ ಒಂದು ಚಮಚ ಜಾಸ್ತಿಯೇ ಹಾಕಿರುತ್ತಾರೆ. ಬೇಡ ಅಂದರೆ "ಯಾಕಪ್ಪ, ಸುಗರ್ರಾ?" ಅಂತ ಮರುಗುತ್ತಾರೆ. ಇಲ್ಲ ಅಂದರೆ "ಹಂಗಾದ್ರೆ ಕುಡಿ". ಹೌದು ಅಂದರೆ ಸಂಜೆಯೊಳಗೆ ಊರಿಗೆಲ್ಲ ನನಗೆ ಸಕ್ಕರೆ ಕಾಯಿಲೆ. ಅದಾದ ಮೇಲೆ ಹಾಗಲಕಾಯಿ ರಸ, ಅಮೃತಬಳ್ಳಿ ಎಲೆ, ಮೆಂತ್ಯ ನೆನೆಸಿದ ನೀರು, ಒಬ್ಬೊಬ್ಬರದು ಒಂದೊಂದು ಔಷಧಿ.

ಆಮೇಲೆ ಬೆಲ್ಲ. "ಸಕ್ಕರೆ ಬ್ಯಾಡ ಅಂದ್ರೆ ಬೆಲ್ಲದ ಟೀ ಕುಡಿ, ಬೆಲ್ಲ ಏನೂ ಮಾಡಾಕಿಲ್ಲ" ಅಂತ ನಮ್ಮ ದೊಡ್ಡಮ್ಮ. ಇದು ವಾಟ್ಸಾಪ್‌ನಲ್ಲೂ ದಿನಾ ಓಡಾಡುವ ಮಾತು. ಬೆಲ್ಲದಲ್ಲಿ ಒಂಚೂರು ಕಬ್ಬಿಣ, ಒಂದಿಷ್ಟು ಖನಿಜ ಇರುವುದು ನಿಜ. ಆದರೆ ಹೆಚ್ಚಿನ ಪಾಲು ಸಕ್ಕರೆಯೇ, ಲಿವರಿಗೆ ಎರಡಕ್ಕೂ ವ್ಯತ್ಯಾಸ ತಿಳಿಯಲ್ಲ. ಆಲೆಮನೆ ಕಂಡವನಾಗಿ ಇನ್ನೊಂದು ಹೇಳುತ್ತೇನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಸುಣ್ಣ ಹಾಕಿ, ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುವುದು ಹಳೇ ಪದ್ಧತಿ. ಹಾಗೆ ಮಾಡಿದ ಬೆಲ್ಲ ಕಪ್ಪಗಿರುತ್ತದೆ. ಪೇಟೆಯವರಿಗೆ ಹಳದಿ ಬೆಲ್ಲ ಬೇಕು, ಅದಕ್ಕೆ ಹೈಡ್ರೋಸ್ ಅನ್ನುವ ಬಣ್ಣ ತಿಳಿಮಾಡುವ ರಾಸಾಯನಿಕ ಹಾಕುತ್ತಾರೆ. ಕಬ್ಬಿನ ರೇಟು ಏರಿದಾಗ ಕೊಪ್ಪರಿಗೆಗೆ ಕಡಿಮೆ ಬೆಲೆಯ ಸಕ್ಕರೆ ಮೂಟೆಯನ್ನೇ ಸುರಿಯುವವರೂ ಇದ್ದಾರೆ. ಅಚ್ಚು ಬೆಲ್ಲವೋ, ಕುರಿಕಟ್ಟೋ, ಬಕೆಟ್ಟೋ, ಒಳಗೆ ಏನಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ. ದೊಡ್ಡಮ್ಮನಿಗೆ ಇದೆಲ್ಲ ಹೇಳಿದೆ. "ನಿಂಗೆ ಬುದ್ಧಿ ಜಾಸ್ತಿ ಆಯ್ತು" ಅಂದು ಬೆಲ್ಲದ ಟೀಯನ್ನೇ ಕೊಟ್ಟರು.

ಹಾಗಂತ 'ಬಿಳಿ ಸಕ್ಕರೆ ವಿಷ' ಅನ್ನುವವರ ಜೊತೆಗೂ ನಾನಿಲ್ಲ. ವಿಷ ಅಂದಮೇಲೆ ಒಂದು ಚಮಚವೂ ಕೂಡದು, ಅಲ್ವಾ? ಹಾಗೆ ಹೇಳುವವರು ಜೇನುತುಪ್ಪ ಸುರಿದುಕೊಂಡು ಓಟ್ಸ್ ತಿನ್ನುತ್ತಾರೆ, ಖರ್ಜೂರದ ಪಾಕದ ಲಡ್ಡು ತಿನ್ನುತ್ತಾರೆ. ಜೇನುತುಪ್ಪ, ಜ್ಯೂಸ್ ಕೂಡ ವಿಶ್ವ ಆರೋಗ್ಯ ಸಂಸ್ಥೆಯ ಅದೇ 25 ಗ್ರಾಂ ಲೆಕ್ಕದಲ್ಲಿ ಬರುತ್ತವೆ. ಇಡೀ ಹಣ್ಣು ಬರಲ್ಲ. ಇನ್ನು ಸಕ್ಕರೆ ಬದಲಿನ ಮಾತ್ರೆ, ಡಯಟ್ ಕೋಲಾ. ತೂಕ ಇಳಿಸೋಕೆ ಅವನ್ನು ನಂಬಬೇಡಿ ಅಂತ 2023ರಲ್ಲಿ ಅದೇ ಸಂಸ್ಥೆ ಹೇಳಿತು. ನಾನು ಒಂದು ಡಬ್ಬಿ ತಂದು ನೋಡಿದೆ. ಬಾಯಲ್ಲಿ ರಾತ್ರಿತನಕ ಒಂಥರಾ ರುಚಿ. ಬಿಟ್ಟೆ.

ಎಣ್ಣೆ ಪೂರ್ತಿ ಬಿಟ್ಟೆ, ಸಕ್ಕರೆ ಕಡಿಮೆ ಮಾಡಿದೆ. ಎರಡಕ್ಕೂ ಒಂದೇ ನಿಯಮ ಯಾಕಿಲ್ಲ ಅಂತ ಮಗಳು ಕೇಳಿದಳು. ನನ್ನ ಸ್ವಭಾವ ನನಗೆ ಗೊತ್ತು. 'ಒಂದೇ ಪೆಗ್' ಅಂತ ಕೂತರೆ ಒಂದೇ ಪೆಗ್ಗಿಗೆ ಏಳುವ ಆಸಾಮಿ ನಾನಲ್ಲ. ದಿನಾ ದಿನಾ ಎಷ್ಟು ಅಂತ ನನ್ನ ಜೊತೆ ನಾನೇ ಚೌಕಾಸಿ ಮಾಡುವುದಕ್ಕಿಂತ ಇಲ್ಲ ಅನ್ನೋದು ಸುಲಭ. ಒಬ್ಬಟ್ಟು ಮಾತ್ರ ಒಂದಕ್ಕೆ ನಿಲ್ಲಿಸಬಲ್ಲೆ. ಅದೂ ಅಲ್ಲದೆ ಯುಗಾದಿ, ಗೌರಿ, ದೀಪಾವಳಿ ಸೇರಿಸಿದರೂ ಹಬ್ಬದ ಸಿಹಿ ವರ್ಷದಲ್ಲಿ ಕೆಲವೇ ದಿನ. ನನ್ನ ಹೊಟ್ಟೆ ಬೆಳೆದದ್ದು ಹಬ್ಬದಿಂದಲ್ಲ, ಯಾವ ಹಬ್ಬವೂ ಇಲ್ಲದ ಮಂಗಳವಾರಗಳಿಂದ.

ಹಾಗಾಗಿ ಕೈ ಹಾಕಿದ್ದು ಮಂಗಳವಾರಕ್ಕೆ. ಶಾಪ್‌ನಲ್ಲಿ ಟೀ ಫ್ಲಾಸ್ಕಿನಲ್ಲೇ ಸಕ್ಕರೆ ಬೆರೆತು ಬರುತ್ತದೆ, ಕಡಿಮೆ ಮಾಡುವ ಹಾಗೇ ಇಲ್ಲ. ಟೀ ಅಣ್ಣನಿಗೆ ಹೇಳಿದೆ. "ನಿಮ್ಮೊಬ್ರಿಗೆ ಹೆಂಗೆ ಸಾರ್ ಬೇರೆ ತರ್ಲಿ?" ಅಂದ. ಕೊನೆಗೆ ನಾಲ್ಕೈದು ಜನ ಸೇರಿದೆವು, ಈಗ ಮುಚ್ಚಳಕ್ಕೆ ಕೆಂಪು ಟೇಪ್ ಸುತ್ತಿದ ಚಿಕ್ಕ ಫ್ಲಾಸ್ಕ್ ಒಂದು ಬರುತ್ತದೆ. ಮನೆಯಲ್ಲಿ ಎರಡು ಚಮಚದ ಕಾಫಿಯನ್ನು ಒಂದೂವರೆ, ಒಂದು, ಅರ್ಧ ಅಂತ ಇಳಿಸಿದೆವು. ಒಂದೇ ಸಲ ನಿಲ್ಲಿಸಿದರೆ ಕಷಾಯ ಕುಡಿದ ಹಾಗಾಗುತ್ತದೆ, ವಾರಗಟ್ಟಲೆ ಮೆಲ್ಲಗೆ ಇಳಿಸಿದರೆ ನಾಲಿಗೆಗೆ ಗೊತ್ತೇ ಆಗಲ್ಲ. ಈಗ ಬೇಕರಿಯ ಬೆಣ್ಣೆ ಬಿಸ್ಕತ್ತೇ ನನಗೆ ಸಿಹಿ ಜಾಸ್ತಿ ಅನ್ನಿಸುತ್ತದೆ. ಸಂಜೆ ಏಳರ ಹಸಿವಿಗೆ ಆಫೀಸ್ ಬ್ಯಾಗಿನಲ್ಲಿ ಹುರಿಗಡಲೆ, ಕಡ್ಲೆಬೀಜ. ಬಾರಿನಲ್ಲಿ ತಿನ್ನುತ್ತಿದ್ದ ಅದೇ ಕಡ್ಲೆಬೀಜ, ಈಗ ಮೆಟ್ರೋ ಇಳಿದ ಮೇಲೆ ನಡೆಯುತ್ತಾ ತಿನ್ನುತ್ತೇನೆ. ಹೆಂಡತಿಯ ಚೀಟಿಯಲ್ಲಿ ಈಗ ಸಕ್ಕರೆ ಎರಡೂವರೆ ಕೆಜಿ.

ನಿಜವಾಗಿ ಅಳು ಬಂದಿದ್ದು ಮುದ್ದೆ ವಿಷಯಕ್ಕೆ. ರಾಗಿ ಒಳ್ಳೇದು ಅಂತ ನಾವು ಮಂಡ್ಯದವರು ಎದೆ ತಟ್ಟಿಕೊಂಡು ಹೇಳುತ್ತೇವಲ್ಲ, ಡಾಕ್ಟರ್ ಮೇಡಂ "ಎಷ್ಟು ದೊಡ್ಡದು?" ಅಂತ ಕೈಯಲ್ಲೇ ತೋರಿಸಲು ಹೇಳಿದರು. ತೋರಿಸಿದೆ. ನಕ್ಕುಬಿಟ್ಟರು. ರಾಗಿಯೂ ಹಿಟ್ಟೇ, ಅಷ್ಟು ತಿಂದರೆ ಅದೂ ಸಕ್ಕರೆಯೇ ಆಗುತ್ತದಂತೆ. ಈಗ ಅದರ ಅರ್ಧ, ಜೊತೆಗೆ ಉಪ್ಸಾರು, ಸೊಪ್ಪಿನ ಪಲ್ಯ ದುಪ್ಪಟ್ಟು. ಅಮ್ಮನಿಗೆ ಈ ಸಣ್ಣ ಮುದ್ದೆ ನೋಡಿದರೆ ಆಗಲ್ಲ. "ಮಗೀಗೆ ಕಟ್ದಂಗೈತೆ" ಅನ್ನುತ್ತಾರೆ.

ಮತ್ತೆ ಪರೀಕ್ಷೆ ಮಾಡಿಸಿದಾಗ ಟ್ರೈಗ್ಲಿಸರೈಡ್ 168, ಎಚ್‌ಬಿಎ1ಸಿ 5.8, ಫ್ಯಾಟಿ ಲಿವರ್ ಗ್ರೇಡ್ 1. ಹೊಸ್ತಿಲಿನಿಂದ ಇನ್ನೂ ಪೂರ್ತಿ ಇಳಿದಿಲ್ಲ. ಸೊಂಟದ ಸುತ್ತಳತೆ 90 ಸೆಂಟಿಮೀಟರ್ ಒಳಗೆ ಬರಬೇಕು ಅಂದಿದ್ದಾರೆ, ನಮ್ಮ ದೇಶದ ಗಂಡಸರಿಗೆ ಅದೇ ಗೆರೆ. ಅದಕ್ಕೆ ಇನ್ನೂ ದೂರ ಇದೆ. ಬೆಲ್ಟಿಗೆ ಹೊಸ ತೂತು ಬಿದ್ದಿದೆ, ಶಾಪ್‌ನ ಡ್ರಿಲ್ಲಿಂಗ್ ಮಷಿನ್‌ನಲ್ಲೇ ಹಾಕಿಕೊಂಡೆ.

ಕಬ್ಬಿನ ಹಾಲು ಮಾತ್ರ ಬಿಟ್ಟಿಲ್ಲ. ಐಸ್ ಹಾಕದ ಒಂದು ದೊಡ್ಡ ಲೋಟದಲ್ಲಿ 30 ಗ್ರಾಂಗಿಂತ ಜಾಸ್ತಿಯೇ ಸಕ್ಕರೆ ಇರುತ್ತದೆ ಅಂತ ಗೊತ್ತು. ರಸ್ತೆ ಬದಿ ಕುಡಿಯುವುದಿಲ್ಲ. ಆದರೆ ಆಲೆಮನೆಗೆ ಹೋದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ನಮ್ಮ ಕಬ್ಬು ಗಾಣಕ್ಕೆ ಬಿದ್ದ ದಿನ ಅರ್ಧ ಲೋಟ ಹಾಲು, ಬೆರಳ ತುದಿಯಷ್ಟು ಬಿಸಿ ಬೆಲ್ಲ ತಿಂದೆ. ಅಪ್ಪ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಇದ್ಕೆ ಡಾಕ್ಟ್ರು ಏನೂ ಅನ್ನಲ್ವಾ?" ಅಂದರು. "ಕೇಳಿಲ್ಲ" ಅಂದೆ.

ಮುಂದಿನ ತಿಂಗಳು ಭಾಮೈದನ ಮದುವೆ, ಆಮೇಲೆ ಬೀಗರ ಊಟ. ನಮ್ಮ ಕಡೆ ಬೀಗರ ಊಟ ಅಂದರೆ ಪೆಂಡಾಲಿನಲ್ಲಿ ಬಾಡೂಟ, ಹಿಂದಿನ ತೋಪಿನಲ್ಲಿ ಎಣ್ಣೆ. ಕುಡಿಯೋದು ಬಿಟ್ಟವನು ಅಲ್ಲಿಗೆ ಹೋಗಬಾರದು ಅಂತ ಹೆಂಡತಿಯ ಅಣ್ಣ ಬುದ್ಧಿ ಹೇಳಿದರು. ಹೊಸದಾಗಿ ಬಿಟ್ಟವರಿಗೆ ಆ ಮಾತು ಸರಿ, ನಾನೂ ಮೊದಲ ಆರು ತಿಂಗಳು ಅಂಥ ಕಡೆ ತಲೆ ಹಾಕಲಿಲ್ಲ. ಈ ಸಲ ಹೋಗುತ್ತೇನೆ. ಬೋಟಿ ಗೊಜ್ಜು ಬರುವುದು ಮೊದಲು ತೋಪಿಗೇ, ಪೆಂಡಾಲಿಗೆ ಬರುವಷ್ಟರಲ್ಲಿ ಬರೀ ರಸ ಉಳಿದಿರುತ್ತದೆ.